ಆರ್ಡರ್ ಏರಿಸಿದರೆ ಶಾಕ್ ಚೂಪಾಗುತ್ತಾ ಸರ್?

ಪ್ರಶ್ನೆ: "ಸರ್, ಆಲಮಟ್ಟಿ ಕೆಳಗಿನ ಕೃಷ್ಣಾ ನದಿಗೆ ಫೈನೈಟ್ ವಾಲ್ಯೂಮ್ ಕೋಡ್ ಬರೆದಿದ್ದೇನೆ. ಫಸ್ಟ್ ಆರ್ಡರ್‌ನಲ್ಲಿ ಶಾಕ್ ಅಗಲವಾಗುತ್ತದೆ. ಸೆಕೆಂಡ್ ಆರ್ಡರ್ ಹಾಕಿದರೆ ಅದರ ಪಕ್ಕ ಏರಿಳಿತ ಬರುತ್ತದೆ. ಫಿಫ್ತ್ ಆರ್ಡರ್‌ಗೆ ಹೋದರೆ ಎರಡೂ ಸರಿಹೋಗುತ್ತದಾ?" (ವಿಜಯಪುರದಿಂದ ಒಬ್ಬ ಎಂ.ಟೆಕ್ ವಿದ್ಯಾರ್ಥಿ)

ಇಲ್ಲ. ಹೋಗಲ್ಲ.

ಇದೇ ಪ್ರಶ್ನೆ ಬಾಗಲಕೋಟೆಯಿಂದ ಬರುತ್ತದೆ, ಇಲ್ಲೇ ಬೆಳಗಾವಿಯಿಂದಲೂ ಬರುತ್ತದೆ. ಹೊಳೆಯ ಹೆಸರು ಮಾತ್ರ ಬದಲು. ಒಮ್ಮೆ ಘಟಪ್ರಭಾ, ಒಮ್ಮೆ ಮಲಪ್ರಭಾ. ಹಾಗಾಗಿ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೊಳೆಯನ್ನು ಸೆಲ್‌ಗಳಾಗಿ ಕತ್ತರಿಸುತ್ತೇವೆ, ಪ್ರತಿ ಸೆಲ್‌ಗೂ ಒಂದು ಸರಾಸರಿ ಇಟ್ಟುಕೊಳ್ಳುತ್ತೇವೆ, ಒಂದರಿಂದ ಹೋದದ್ದು ಪಕ್ಕದ್ದಕ್ಕೆ ಬರುತ್ತದೆ. ಇದೇ ಫೈನೈಟ್ ವಾಲ್ಯೂಮ್. ಶಾಕ್ ಅಂದರೆ ನೀರು ಗೋಡೆಯಂತೆ ದಿಢೀರ್ ಏರುವ ಜಾಗ. ಆರ್ಡರ್ ಅಂದರೆ ಸೆಲ್ ಸಣ್ಣ ಮಾಡಿದಾಗ ತಪ್ಪು ಎಷ್ಟು ಬೇಗ ಇಳಿಯುತ್ತದೆ ಎಂಬ ದರ. ಇಷ್ಟು ನಿಮಗೆ ಗೊತ್ತು. ತಲೆಯಲ್ಲಿ ಕೂತಿರುವ ತಪ್ಪು ಬೇರೆಯೇ: "ಆರ್ಡರ್ ಜಾಸ್ತಿ ಆದಷ್ಟೂ ಎಲ್ಲ ಕಡೆ ಉತ್ತರ ನಿಖರ, ಶಾಕ್ ಹತ್ತಿರ ಇನ್ನೂ ನಿಖರ." ಇದನ್ನು ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ.

ಕಂಪ್ಯೂಟರ್ ಬೇಡ, ಪೆನ್ನು ತೊಗೊಳ್ಳಿ. ಎಲ್ಲಕ್ಕಿಂತ ಸರಳ ಸಮೀಕರಣ: ಒಂದು ಮೆಟ್ಟಿಲು ಒಂದೇ ವೇಗದಲ್ಲಿ ಬಲಕ್ಕೆ ಸಾಗುತ್ತಿದೆ. ಆರು ಸೆಲ್, ಬೆಲೆಗಳು 1, 1, 1, 0, 0, 0. ಕೂರಂಟ್ ಸಂಖ್ಯೆ ಅರ್ಧ. ಅಂದರೆ ಒಂದು ಹೆಜ್ಜೆಯಲ್ಲಿ ಮೆಟ್ಟಿಲು ಅರ್ಧ ಸೆಲ್ ಮುಂದೆ ಹೋಗಬೇಕು.

ಫಸ್ಟ್ ಆರ್ಡರ್ ಅಪ್‌ವಿಂಡ್ ಹಾಕಿ, ಅಂದರೆ ಹರಿವು ಬರುವ ಕಡೆಯ ಸೆಲ್ ಮತ್ತು ತನ್ನದನ್ನು ಮಾತ್ರ ನೋಡುವ ಸೂತ್ರ. ಉತ್ತರ 1, 1, 1, 0.5, 0, 0. ಈಗ 1960ರ ಲ್ಯಾಕ್ಸ್-ವೆಂಡ್ರಾಫ್ ಸೂತ್ರ ಹಾಕಿ. ಅದು ಸೆಕೆಂಡ್ ಆರ್ಡರ್. ಎಡ ಸೆಲ್‌ನ 0.375, ತನ್ನ 0.75, ಬಲ ಸೆಲ್‌ನ ಮೈನಸ್ 0.125 ಪಾಲು ಸೇರಿಸಬೇಕು. ಉತ್ತರ 1, 1, 1.125, 0.375, 0, 0.

ಎರಡನ್ನೂ ಕೂಡಿಸಿ ನೋಡಿ. ಎರಡಕ್ಕೂ 3.5 ಬರುತ್ತದೆ. ಒಂದು ಹನಿಯೂ ಹೆಚ್ಚುಕಡಿಮೆ ಆಗಿಲ್ಲ. "ಸರ್, ನನ್ನ ಕೋಡ್ ಕನ್ಸರ್ವೇಟಿವ್ ಇದೆ, ಒಟ್ಟು ನೀರು ಹಾಗೇ ಉಳಿಯುತ್ತದೆ, ಏರಿಳಿತ ಬರಬಾರದಲ್ಲ" ಎನ್ನುವವರು ಈ ಎರಡು ಸಾಲು ಇನ್ನೊಮ್ಮೆ ಓದಿ. ಲೆಕ್ಕ ತಾಳೆಯಾಗಿದೆ, ಆದರೂ 1.125 ಹುಟ್ಟಿದೆ. ಎಲ್ಲೂ 1ಕ್ಕಿಂತ ಜಾಸ್ತಿ ಇರಲೇ ಇಲ್ಲ, ಅಲ್ವಾ? ಎಲ್ಲಾ ಆ ಮೈನಸ್ 0.125ರ ಕೆಲಸ.

ಮೆಟ್ಟಿಲನ್ನು ತಿರುಗಿಸಿ 0, 0, 0, 1, 1, 1 ಇಡಿ. ಮೂರನೇ ಸೆಲ್‌ನಲ್ಲಿ ಮೈನಸ್ 0.125 ಸಿಗುತ್ತದೆ. ಅದು ನೀರಿನ ಆಳ ಆಗಿದ್ದರೆ? ಅಲೆಯ ವೇಗಕ್ಕೆ ಗುರುತ್ವ ಗುಣಿಸು ಆಳದ ವರ್ಗಮೂಲ ಬೇಕು. ಮೈನಸ್ ಸಂಖ್ಯೆಗೆ ವರ್ಗಮೂಲ ಕೇಳಿದ ಕೋಡ್ 'ನ್ಯಾನ್' (ಇದು ಸಂಖ್ಯೆಯೇ ಅಲ್ಲ) ಎಂದು ಬರೆದು ಕೂರುತ್ತದೆ. ನೀವು ಕಂಪೈಲರ್‌ಗೆ ಬೈಯುತ್ತೀರಿ.

ಹಾಗಾದರೆ ಇನ್ನೂ ಜಾಣತನದ ಪಾಲುಗಳನ್ನು ಹುಡುಕೋಣ ಅಂತೀರಾ? ಸಿಗಲ್ಲ. ಗಣಿತಜ್ಞ ಗೊಡುನೊವ್ 1959ರಲ್ಲೇ ಸಾಧಿಸಿ ತೋರಿಸಿದ್ದಾರೆ: ಪಾಲುಗಳು ಸ್ಥಿರವಾಗಿರುವ ಲೀನಿಯರ್ ಸ್ಕೀಮ್ ಹೊಸ ಏರಿಳಿತ ಹುಟ್ಟಿಸಬಾರದು ಅಂದರೆ ಅದು ಫಸ್ಟ್ ಆರ್ಡರ್ ದಾಟುವಂತಿಲ್ಲ. ಐದಕ್ಕೆ ಹೋಗಿ, ಒಂಬತ್ತಕ್ಕೆ ಹೋಗಿ, ಮೈನಸ್ ಪಾಲು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ.

ತಪ್ಪಿಸಿಕೊಳ್ಳುವ ದಾರಿ ಒಂದೇ. ಪಾಲುಗಳು ಸ್ಥಿರವಾಗಿರಬಾರದು, ನೀರನ್ನು ನೋಡಿ ಬದಲಾಗಬೇಕು. ವಾನ್ ಲೀರ್ 1979ರ ಮಸಲ್ ಸ್ಕೀಮಿನಲ್ಲಿ ಮಾಡಿದ್ದು ಇದನ್ನೇ. ಸೆಲ್ ಒಳಗೆ ಇಳಿಜಾರು ಎಳೆಯುತ್ತಾರೆ, ಆದರೆ ಆ ಇಳಿಜಾರಿಗೆ ಲಿಮಿಟರ್ ಎಂಬ ಮೂಗುದಾರ ಇರುತ್ತದೆ. ಜಿಯಾಂಗ್ ಮತ್ತು ಶು 1996ರಲ್ಲಿ ಕೊಟ್ಟ ಫಿಫ್ತ್ ಆರ್ಡರ್ ವೀನೋ ಇನ್ನೂ ಚೆಂದ. ಮೂರು ಮೂರು ಸೆಲ್‌ಗಳ ಮೂರು ಗುಂಪು. ನೀರು ನುಣುಪಾಗಿದ್ದಲ್ಲಿ ಅವುಗಳ ತೂಕ 0.1, 0.6, 0.3ರ ಹತ್ತಿರ. ಶಾಕ್ ಯಾವ ಗುಂಪಿನೊಳಗೆ ಬಿತ್ತೋ ಅದರ ತೂಕ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಕ್ಲಾಸಿನಲ್ಲಿ ಇದನ್ನು ಬೋರ್ಡ್ ಮೇಲೆ ಬರೆಯುವಾಗ ನನಗೆ ಈಗಲೂ ಖುಷಿಯಾಗುತ್ತದೆ.

"ಅಂದ್ರೆ ವೀನೋ ಹಾಕಿದರೆ ಶಾಕ್ ಚೂಪಾಯ್ತಲ್ರೀ ಸರ್!" ತಡೀರಿ. ಏರಿಳಿತ ಹೆಚ್ಚುಕಡಿಮೆ ಹೋಯಿತು, ಅಷ್ಟೇ. ಶಾಕ್ ಬಿದ್ದ ಸೆಲ್‌ನಲ್ಲಿ ನಿಮ್ಮ ಬಳಿ ಇರುವುದು ಒಂದೇ ಸಂಖ್ಯೆ, ಸರಾಸರಿ. ಅಲ್ಲಿ ತಪ್ಪು ಸೆಲ್‌ನ ಅಗಲದಷ್ಟು ಇದ್ದೇ ಇರುತ್ತದೆ. ಸೆಲ್ ಅರ್ಧ ಮಾಡಿದರೆ ತಪ್ಪೂ ಅರ್ಧ, ಅಂದರೆ ಫಸ್ಟ್ ಆರ್ಡರ್. ಶಾಕ್ ಹರಡುವ ಸೆಲ್‌ಗಳು ಒಂದೆರಡು ಕಡಿಮೆಯಾಗಬಹುದು, ಆದರೆ ಈ ದರ ಬದಲಾಗಲ್ಲ. ಶಾಕ್ ತೆಳ್ಳಗೆ ಬೇಕಾದರೆ ಅಲ್ಲಿ ಸೆಲ್ ಸಣ್ಣ ಮಾಡಿ. ಇನ್ನೊಂದು ಮಾತು, ಶಾಕ್‌ಗೆ ಎರಡೂ ಕಡೆಯಿಂದ ಅಲೆಗಳು ಬಂದು ಒತ್ತುತ್ತವೆ. ಹಾಗಾಗಿ ಫಸ್ಟ್ ಆರ್ಡರ್‌ನಲ್ಲೂ ಅದು ಕೆಲವು ಸೆಲ್ ಹರಡಿ ಅಲ್ಲೇ ನಿಲ್ಲುತ್ತದೆ. ನೀವು ಹೆದರಿದಷ್ಟು ಏನೂ ಆಗಿಲ್ಲ.

ಮತ್ತೆ ಹೈ ಆರ್ಡರ್ ಯಾಕೆ? ಶಾಕ್ ಇಲ್ಲದ ಜಾಗಕ್ಕೆ. ನುಣುಪಾದ ಅಲೆಯಲ್ಲಿ ಸೆಲ್ ಅರ್ಧ ಮಾಡಿದರೆ ಫಿಫ್ತ್ ಆರ್ಡರ್‌ನ ತಪ್ಪು 32ನೇ ಒಂದು ಪಾಲಿಗೆ ಇಳಿಯುತ್ತದೆ. ಗೇಟು ತೆಗೆದಾಗ ಹೊಳೆಯುದ್ದಕ್ಕೂ ಸಾಗುವ ಪ್ರವಾಹದ ಉಬ್ಬು ಬಹುಪಾಲು ನುಣುಪೇ. ಫಸ್ಟ್ ಆರ್ಡರ್ ಸ್ಕೀಮ್ ಅದರ ನೆತ್ತಿಯನ್ನು ಸುಮ್ನೆ ಸವೆಸುತ್ತಾ ಹೋಗುತ್ತದೆ. ನದಿಯ ತಳದ ಘರ್ಷಣೆಯೂ ನೆತ್ತಿಯನ್ನು ಇಳಿಸುತ್ತದೆ. ಗ್ರಾಫಿನಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಆಗ ಏನು ಮಾಡುತ್ತೀರಿ? ತಳದ ಒರಟುತನ ಹೇಳುವ ಮ್ಯಾನಿಂಗ್ ಎನ್ ಬೆಲೆಯನ್ನು ತಿರುಚಿ, ಅಳತೆಗೆ ಕೂರಿಸಿ, ಕ್ಯಾಲಿಬ್ರೇಷನ್ ಎಂದು ಥೀಸಿಸ್‌ನಲ್ಲಿ ಬರೆಯುತ್ತೀರಿ. ಸ್ಕೀಮಿನ ತಪ್ಪನ್ನು ಹೊಳೆಯ ತಲೆಗೆ ಕಟ್ಟಿದ ಹಾಗಾಯಿತು. ಯಾರ ಹೊಲಕ್ಕೆ ನೀರು ನುಗ್ಗುತ್ತದೆ ಎಂದು ಹೇಳಬೇಕಾದ ಕೋಡ್ ಇದು.

ನೀರಿನ ಜೊತೆ ತೇಲಿ ಹೋಗುವ ಕೆಸರಿನ ಗೆರೆಗೂ ಹೈ ಆರ್ಡರ್ ಬೇಕು. ಅದನ್ನು ಒತ್ತಿ ಹಿಡಿಯುವವರು ಯಾರೂ ಇಲ್ಲ. ಫಸ್ಟ್ ಆರ್ಡರ್‌ನಲ್ಲಿ ಅದು ಕಾಲದ ವರ್ಗಮೂಲದಂತೆ ಹರಡುತ್ತಲೇ ಇರುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ನಿಮ್ಮ ಕೋಡಿಗೆ ನಿಂತ ನೀರನ್ನು ನಿಂತ ಹಾಗೇ ಬಿಡಲು ಬರುತ್ತದಾ?

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ಎಲ್ಲ ಸೆಲ್‌ನಲ್ಲೂ ಅದೇ ಮಟ್ಟ, ವೇಗ ಸೊನ್ನೆ ಇಡಿ. ಒಂದು ಸೆಲ್‌ನ ತಳ 507 ಮೀಟರ್, ಪಕ್ಕದ್ದು 509 ಎಂದುಕೊಳ್ಳಿ. ಆಳ 12.6 ಮತ್ತು 10.6. ಮೇಲೆ ನೀರು ಸಮ, ಏನೂ ಹರಿಯಬಾರದು. ಆದರೆ ಸೆಲ್‌ನಿಂದ ಸೆಲ್‌ಗೆ ಎಷ್ಟು ಹೋಗಬೇಕೆಂದು ಹೇಳುವ ನಿಮ್ಮ ರುಸನೊವ್ ಫ್ಲಕ್ಸ್ ಸೂತ್ರಕ್ಕೆ ಕಾಣುವುದು ಆಳದಲ್ಲಿರುವ 2 ಮೀಟರ್ ವ್ಯತ್ಯಾಸ. ಅಲೆಯ ವೇಗ ಸೆಕೆಂಡಿಗೆ ಸುಮಾರು 11.1 ಮೀಟರ್. ಅದರ ಅರ್ಧವನ್ನು 2ರಿಂದ ಗುಣಿಸಿ. ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ 11 ಘನ ಮೀಟರ್ ನೀರು ಆಳದಿಂದ ಏರಿಗೆ ಹರಿಯಿತು! ಹಿನ್ನೀರಿನಲ್ಲಿ ಗಾಳಿಯೂ ಇಲ್ಲದೆ ಹೊಳೆ ಹುಟ್ಟಿತು. ಇಲ್ಲಿ ವೀನೋ ಹಾಕಿದರೆ ಹರಿವು ಕಡಿಮೆಯಾಗಬಹುದು, ತಾನಾಗಿ ಸೊನ್ನೆ ಆಗಲ್ಲ.

ಈ ಪರೀಕ್ಷೆಯನ್ನು ಬರ್ಮೂಡೆಸ್ ಮತ್ತು ವಾಸ್ಕೆಸ್ 1994ರಲ್ಲೇ ಮುಂದಿಟ್ಟಿದ್ದಾರೆ. ಮದ್ದಿನ ಮೊದಲ ಹೆಜ್ಜೆ ಸುಲಭ. ಸೆಲ್‌ನ ಅಂಚಿಗೆ ಆಳವನ್ನಲ್ಲ, ನೀರಿನ ಮಟ್ಟವನ್ನು ಒಯ್ಯಿರಿ. ಎರಡೂ ಕಡೆ 519.60 ಬರುತ್ತದೆ. ಆಮೇಲೆ ಅಂಚಿನಲ್ಲಿ ಎರಡೂ ಸೆಲ್‌ಗೆ ಒಂದೇ ತಳ ಇಟ್ಟು ಆಳ ಲೆಕ್ಕ ಹಾಕಿ, ತಳದ ಇಳಿಜಾರಿನ ಪದವನ್ನೂ ಅದೇ ಆಳಗಳಿಂದಲೇ ಮಾಡಿ. ಎರಡು ಸೆಲ್‌ಗಳಿಗೆ ಕೈಯಲ್ಲಿ ಮಾಡಿದರೆ ಅರ್ಧ ಪುಟದ ಕೆಲಸ. ಮುಂದಿನ ಗ್ರಾಫ್ ಕಳಿಸುವಾಗ ಆ ಅರ್ಧ ಪುಟವನ್ನೂ ಜೊತೆಗೆ ಕಳಿಸಿ.