ಪದ ಪರಿಚಯ: ಟ್ರಿಮ್ (ಕಟ್ ಅಲ್ಲ)

"ಮಧ್ಯದಲ್ಲಿ ಒಂದು ಕಡೆ ಕೆಮ್ಮಿದ್ದೆ, ಅದನ್ನು ಟ್ರಿಮ್ ಮಾಡಿ ಕಳಿಸಿದ್ದೇನೆ." ಆಡಿಯೋ ರೆಕಾರ್ಡಿಂಗ್ ಕಳಿಸುವವರ ಇಂಥ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ, ಲೆಕ್ಕ ತಪ್ಪಿದೆ. ಮಧ್ಯದ ಕೆಮ್ಮನ್ನು ಟ್ರಿಮ್ ಮಾಡಿ ತೆಗೆಯಲು ಬರುವುದಿಲ್ಲ. ಕೆಮ್ಮನ್ನು ಆಯ್ದು ಟ್ರಿಮ್ ಒತ್ತಿದರೆ ಉಳಿಯುವುದೇ ಕೆಮ್ಮು.

ತಮಾಷೆಗೆ ಹೇಳುತ್ತಿಲ್ಲ, ನನಗೇ ಆಗಿದೆ. ನಲವತ್ತು ನಿಮಿಷದ ಒಂದು ಸಂದರ್ಶನ. ಬ್ರೌಸರ್‌ನಲ್ಲೇ ಆಡಿಯೋ ಕತ್ತರಿಸಿಕೊಡುವ ಒಂದು ಪುಟ ತೆರೆದೆ. ಅಲೆಯ ಚಿತ್ರದಲ್ಲಿ ಕೆಮ್ಮಿನ ಗುಡ್ಡ ಎಲ್ಲಿದೆ ಎಂದು ಹುಡುಕಿದೆ. ಅದರ ಎಡಕ್ಕೊಂದು, ಬಲಕ್ಕೊಂದು ಹಿಡಿಕೆ ಎಳೆದು ನಿಲ್ಲಿಸಿ ಟ್ರಿಮ್ ಒತ್ತಿದೆ. ಡೌನ್‌ಲೋಡ್ ಆಯಿತು. ಅವಸರದಲ್ಲಿ ಕೇಳದೆ ಕಳಿಸಿಬಿಟ್ಟೆ. ಸಂದರ್ಶನಕ್ಕಾಗಿ ಕಾಯುತ್ತಿದ್ದವರ ಕೈಗೆ ಸಿಕ್ಕಿದ್ದು ಮೂರು ಸೆಕೆಂಡಿನ ಕೆಮ್ಮು. ಆಚೀಚೆ ಒಂದು ಮಾತೂ ಸೋಂಕದ ಅಪ್ಪಟ ಕೆಮ್ಮು. ಆ ಪುಟವನ್ನು ಬೈಯುವ ಹಾಗೂ ಇರಲಿಲ್ಲ. ಕೇಳಿದ್ದನ್ನೇ ಕೊಟ್ಟಿತ್ತು.

ವಿಷಯ ಇಷ್ಟೇ. ಒಂದು ಭಾಗವನ್ನು ಆಯ್ದು ಟ್ರಿಮ್ ಎಂದರೆ ಆಯ್ದದ್ದು ಉಳಿಯುತ್ತದೆ, ಬಾಕಿಯದು ಹೋಗುತ್ತದೆ. ಅದೇ ಭಾಗವನ್ನು ಆಯ್ದು ಕಟ್ ಅಥವಾ ಡಿಲೀಟ್ ಎಂದರೆ ಆಯ್ದದ್ದು ಹೋಗುತ್ತದೆ, ಬಾಕಿಯದು ಉಳಿಯುತ್ತದೆ. ಆಯ್ಕೆ ಒಂದೇ, ಫಲ ಮಾತ್ರ ಪೂರ್ತಿ ಉಲ್ಟಾ. ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ತಂತ್ರಾಂಶದ ಮೆನುವಿನಲ್ಲಿ ಟ್ರಿಮ್ ಆಡಿಯೋ ಇರುವುದು ಈ ಅರ್ಥದಲ್ಲೇ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಂತೂ ಟ್ರಿಮ್ ಮತ್ತು ಡಿಲೀಟ್ ಎರಡೂ ಒಂದೇ ಪರದೆಯ ಮೇಲೆ ಇರುತ್ತವೆ. ಎರಡಕ್ಕೂ ಒಂದೇ ಅರ್ಥವಾಗಿದ್ದರೆ ಎರಡು ಬಟನ್ ಯಾಕೆ ಇಡುತ್ತಿದ್ದರು?

ಫೋಟೋ ವಿಷಯದಲ್ಲಿ ಈ ಗೊಂದಲ ಯಾರಿಗೂ ಇಲ್ಲ ಎನ್ನುವುದೇ ಸೋಜಿಗ. ಕ್ರಾಪ್ ಮಾಡುವಾಗ ಚೌಕದ ಒಳಗಿರುವುದು ಉಳಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಗುಂಪಿನ ನಡುವೆ ನಿಂತ ಒಬ್ಬರನ್ನು ಕ್ರಾಪ್ ಮಾಡಿ ತೆಗೆದೆ ಎಂದರೆ ನಗುತ್ತೇವೆ. ಟ್ರಿಮ್ ಎಂದರೆ ಧ್ವನಿಯ ಕ್ರಾಪ್. ಅದಕ್ಕೇ ಕೆಲವು ಪುಟಗಳಲ್ಲಿ ಬಟನ್ ಮೇಲೆ ಕ್ರಾಪ್ ಎಂದೇ ಬರೆದಿರುತ್ತದೆ.

ಈ ಅರ್ಥ ಬಂದದ್ದಾದರೂ ಎಲ್ಲಿಂದ? ಹಳೆಯ ಇಂಗ್ಲಿಷಿನಲ್ಲಿ ಟ್ರುಮ್ ಎಂಬ ಪದವಿತ್ತು. ಗಟ್ಟಿಯಾದದ್ದು, ಅಲುಗಾಡದ್ದು ಎಂದು ಅರ್ಥ. ಅದರಿಂದ ಬಂದ ಕ್ರಿಯಾಪದಕ್ಕೆ ಗಟ್ಟಿ ಮಾಡು, ಅಣಿ ಮಾಡು, ಸರಿಯಾಗಿ ಜೋಡಿಸಿಡು ಎಂಬ ಅರ್ಥಗಳಿದ್ದವು. ಕತ್ತರಿಯ ಸುಳಿವೇ ಇಲ್ಲ. ಕತ್ತರಿಸಿ ಒಪ್ಪ ಮಾಡು ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಹದಿನಾರನೇ ಶತಮಾನದಲ್ಲಿ. ಆಗಲೂ ಒತ್ತು ಇದ್ದದ್ದು ಒಪ್ಪದ ಮೇಲೆ, ಕತ್ತರಿಯ ಮೇಲಲ್ಲ. ಹಳೆಯ ಅರ್ಥ ಇವತ್ತಿಗೂ ಸತ್ತಿಲ್ಲ. ಹಡಗಿನ ಹಾಯಿಯನ್ನು ಟ್ರಿಮ್ ಮಾಡುವುದು ಎಂದರೆ ಹಾಯಿಯನ್ನು ಹರಿಯುವುದಲ್ಲ, ಗಾಳಿಗೆ ತಕ್ಕ ಹಾಗೆ ಹೊಂದಿಸುವುದು. ಬಟ್ಟೆಯ ಟ್ರಿಮ್ಮಿಂಗ್ ಎಂದರೆ ಅಂಚಿಗೆ ಹಚ್ಚುವ ಲೇಸು. ಅಲ್ಲಿ ಏನನ್ನೂ ತೆಗೆಯುವುದಿಲ್ಲ, ಸೇರಿಸುತ್ತಾರೆ! ಇನ್ನು ಗಡ್ಡದ ಟ್ರಿಮ್ಮು. ಗಡ್ಡ ಟ್ರಿಮ್ ಮಾಡಿ ಎಂದರೆ ಗಡ್ಡ ಇರಬೇಕು, ಅಂಚು ಒಪ್ಪವಾಗಬೇಕು ಎಂದು ಅರ್ಥ. ಗಡ್ಡದ ನಡುವೆ ಒಂದು ಹಿಡಿ ಬೋಳಿಸಿಟ್ಟು ಟ್ರಿಮ್ ಮಾಡಿದ್ದೇನೆ ಎಂದರೆ ಒಪ್ಪುತ್ತೀರಾ?

ಅಂದರೆ ಟ್ರಿಮ್ ಎನ್ನುವವರ ಕಣ್ಣು ಉಳಿಯುವುದರ ಮೇಲೆ. ಕಟ್ ಎನ್ನುವವರ ಕಣ್ಣು ಹೋಗುವುದರ ಮೇಲೆ.

ಇದಕ್ಕೆ ಸರಿಯಾಗಿ ಕೂರುವ ಮಾತು ಕನ್ನಡದಲ್ಲಿ ಇದ್ದೇ ಇದೆ: ಸವರು. ಬೇಲಿ ಸವರುತ್ತೇವೆ, ಕೊಂಬೆ ಸವರುತ್ತೇವೆ. ಬೇಲಿ ಉಳಿಯುತ್ತದೆ, ಆಚೆ ಚಾಚಿದ್ದು ಹೋಗುತ್ತದೆ. ಅದೇ ಸವರು ಮಗುವಿನ ತಲೆಯನ್ನೂ ಸವರುತ್ತದೆ, ರೊಟ್ಟಿಗೆ ಬೆಣ್ಣೆಯನ್ನೂ ಸವರುತ್ತದೆ. ಟ್ರಿಮ್ಮಿನ ಹಾಗೆಯೇ ಒಂದು ಕಡೆ ತೆಗೆಯುವ ಪದ, ಇನ್ನೊಂದು ಕಡೆ ಹಚ್ಚುವ ಪದ. ಇಷ್ಟು ಒಳ್ಳೆಯ ಜೋಡಿ ಕಣ್ಣೆದುರೇ ಇದ್ದರೂ ಕನ್ನಡಕ್ಕೆ ತರುವವರು ಟ್ರಿಮ್‌ಗೂ ಕತ್ತರಿಸು, ಕಟ್‌ಗೂ ಕತ್ತರಿಸು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಂದೇ ಸಾಲಿನಲ್ಲಿ ಎರಡು ಕತ್ತರಿಸು ಬಟನ್ ಕಂಡರೆ ಓದುವವರು ಏನು ಮಾಡಬೇಕು, ಚೀಟಿ ಎತ್ತಬೇಕಾ?

ಕಟ್ ಪದದ ಗೋಳು ಬೇರೆ. ಕಾಲ್ ಕಟ್ ಆಯಿತು, ಕರೆಂಟ್ ಕಟ್ ಆಯಿತು, ವಾಯ್ಸ್ ಕಟ್ ಕಟ್ ಆಗ್ತಿದೆ. ಎಲ್ಲಕ್ಕೂ ಅದೇ ಒಂದು ಪದ ದುಡಿಯುತ್ತದೆ. "ನಿಮ್ಮ ಆಡಿಯೋ ಕಟ್ ಆಗಿದೆ" ಎಂದು ಯಾರಾದರೂ ಬರೆದರೆ ಅದು ಹೊಗಳಿಕೆಯೋ ದೂರೋ ಗೊತ್ತಾಗುವುದಿಲ್ಲ. ಇದರ ಮೇಲೆ ನಮ್ಮದೇ ಕಟ್ಟು ಬೇರೆ ಇದೆಯಲ್ಲ. ಇಂಗ್ಲಿಷಿನ ಕಟ್ ಬಿಡಿಸುತ್ತದೆ, ಕನ್ನಡದ ಕಟ್ಟು ಸೇರಿಸುತ್ತದೆ. ಆಡಿಯೋ ಕೆಲಸದಲ್ಲಿ ಮಾತ್ರ ಇವೆರಡೂ ಒಟ್ಟೊಟ್ಟಿಗೇ ನಡೆಯಬೇಕು. ಮಧ್ಯದಿಂದ ಒಂದು ತುಂಡು ಕಟ್ ಮಾಡಿದರೆ ಉಳಿದ ಎರಡು ತುದಿಗಳನ್ನು ಕಟ್ಟಲೇಬೇಕು.

ಟ್ರಿಮ್‌ಗೂ ಕಟ್‌ಗೂ ಇರುವ ಎರಡನೇ ವ್ಯತ್ಯಾಸ ಇದೇ, ಮತ್ತು ಇದನ್ನು ಯಾರೂ ಹೇಳುವುದಿಲ್ಲ. ಟ್ರಿಮ್‌ಗೆ ಬೆಸುಗೆ ಇಲ್ಲ. ಎರಡು ಅಂಚು ಸವರಿದರೆ ಕೆಲಸ ಮುಗಿಯಿತು. ಕಟ್‌ಗೆ ಬೆಸುಗೆ ಇದೆ, ಬೆಸುಗೆ ಇದ್ದ ಕಡೆ ಸದ್ದು ಬರಬಹುದು.

ಟೇಪಿನ ಕಾಲದವರಿಗೆ ಇದು ಬೆರಳ ತುದಿಯಲ್ಲಿ ಗೊತ್ತಿತ್ತು. ಟೇಪನ್ನು ಲೋಹದ ಅಚ್ಚಿನ ತೋಡಿನಲ್ಲಿ ಕೂರಿಸಿ ಬ್ಲೇಡಿನಿಂದ ಕೊಯ್ಯುತ್ತಿದ್ದರು. ನೇರವಾಗಿ ಅಲ್ಲ, ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿ. ಆಮೇಲೆ ಎರಡು ಓರೆ ತುದಿಗಳನ್ನು ಕೂಡಿಸಿ ಹಿಂದಿನಿಂದ ಅಂಟುಪಟ್ಟಿ ಹಚ್ಚುತ್ತಿದ್ದರು. ಓರೆ ಯಾಕೆ? ಕಾಲು ಇಂಚು ಅಗಲದ ಟೇಪನ್ನು 45 ಡಿಗ್ರಿಯಲ್ಲಿ ಕೊಯ್ದರೆ ಆ ಗೆರೆ ಟೇಪಿನ ಉದ್ದದ ದಿಕ್ಕಿನಲ್ಲೂ ಕಾಲು ಇಂಚು ಚಾಚುತ್ತದೆ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅದು ಸುಮಾರು 17 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಹಳೆಯ ಸದ್ದು ಮೆಲ್ಲಗೆ ಇಳಿದು ಹೊಸದು ಮೆಲ್ಲಗೆ ಏರುತ್ತದೆ. ಕ್ರಾಸ್‌ಫೇಡ್ ಎಂದು ಈಗ ಬಟನ್ ಮಾಡಿ ಇಟ್ಟಿದ್ದಾರಲ್ಲ, ಅದನ್ನು ಬರೀ ಬ್ಲೇಡಿನ ಕೋನದಿಂದ ಮಾಡುತ್ತಿದ್ದರು.

ಬ್ರೌಸರ್‌ನಲ್ಲಿ ಬ್ಲೇಡ್ ಇಲ್ಲ, ಅಂಕಿಗಳಿವೆ. 44,100 ಹರ್ಟ್ಸ್ ಆಡಿಯೋ ಎಂದರೆ ಪ್ರತಿ ಸೆಕೆಂಡಿಗೆ ಅಲೆಯ ಎತ್ತರ ಹೇಳುವ 44,100 ಅಂಕಿ, ಸ್ಟೀರಿಯೋ ಆದರೆ ಅದರ ಎರಡರಷ್ಟು. ಕೆಮ್ಮಿನ ಮುಂಚಿನ ಕೊನೆಯ ಅಂಕಿ ಮೇಲೆಲ್ಲೋ ಇದ್ದು, ಕೆಮ್ಮಿನ ನಂತರದ ಮೊದಲ ಅಂಕಿ ಕೆಳಗೆಲ್ಲೋ ಇದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅಲೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವೇ ಕಿವಿಗೆ ಟಿಕ್ ಎಂದು ಕೇಳುವುದು. ಫೈಲ್ ಕೆಟ್ಟಿದೆ ಎಂದು ದೂರುವವರು ಜಾಸ್ತಿ. ಫೈಲ್ ಕೆಟ್ಟಿಲ್ಲ, ಬೆಸುಗೆ ಕೆಟ್ಟಿದೆ. ಅಲೆ ಸೊನ್ನೆಯ ಗೆರೆ ದಾಟುವ ಕಡೆ ಕತ್ತರಿಸಿ, ಇಲ್ಲವೇ ಎರಡು ಬದಿಗೂ ಕೆಲವು ಮಿಲಿಸೆಕೆಂಡಿನ ಫೇಡ್ ಕೊಡಿ, ಹೋಗುತ್ತದೆ. ಮಾತಿನ ರೆಕಾರ್ಡಿಂಗ್ ಆದರೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕತ್ತರಿಸುವುದು ಇನ್ನೂ ಒಳ್ಳೆಯದು. ಆದರೆ ಉಸಿರನ್ನೇ ಪೂರ್ತಿ ತೆಗೆಯಬೇಡಿ, ಮಾತಾಡುವವರು ಮನುಷ್ಯರು ಎನ್ನುವುದೇ ಮರೆತುಹೋಗುತ್ತದೆ.

ಕಟ್‌ನಲ್ಲೂ ಒಳಜಾತಿಗಳಿವೆ. ತೆಗೆದ ಜಾಗ ಮುಚ್ಚಿಕೊಳ್ಳಬೇಕೋ, ಖಾಲಿ ಉಳಿಯಬೇಕೋ? ಮೊದಲನೆಯದು ಡಿಲೀಟ್, ಎರಡನೆಯದು ಸೈಲೆನ್ಸ್. ವಿಡಿಯೋ ಜೊತೆ ಹೊಂದಬೇಕಾದ ಆಡಿಯೋದಲ್ಲಿ ಮೊದಲನೆಯದನ್ನು ಮಾಡಿದರೆ ಅಲ್ಲಿಂದಾಚೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಸ್ಪ್ಲಿಟ್ ಎಂದರೆ ಗೆರೆ ಎಳೆದು ಎರಡು ಮಾಡುವುದು, ಏನನ್ನೂ ತೆಗೆಯುವುದಿಲ್ಲ. ಇನ್ನು ಕಂಟ್ರೋಲ್ ಎಕ್ಸ್‌ನ ಕಟ್ ಇದೆಯಲ್ಲ, ಅದು ಎಸೆಯುವುದೂ ಅಲ್ಲ, ಎತ್ತಿಟ್ಟುಕೊಳ್ಳುವುದು. ಕಾಗದದ ಹಸ್ತಪ್ರತಿಯನ್ನು ಕತ್ತರಿಸಿ ಬೇರೆ ಕಡೆ ಅಂಟಿಸುತ್ತಿದ್ದ ರೂಢಿಯನ್ನು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಜೆರಾಕ್ಸ್ ಪಾರ್ಕ್‌ನಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಕಂಪ್ಯೂಟರಿಗೆ ತಂದರು. ಅಂಟಿಸುವ ಉದ್ದೇಶ ಇದ್ದರೆ ಆ ಕಟ್. ಕೆಮ್ಮನ್ನು ಇನ್ನೊಂದು ಕಡೆ ಅಂಟಿಸುವವರು ಯಾರೂ ಇರಲಾರರು.

"ಟ್ರಿಮ್ ಮಾಡಿದೆ, ಒರಿಜಿನಲ್ ಹೋಯ್ತು" ಎಂಬ ಅಳಲಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಸೇವ್ ಒತ್ತಿದರೆ ಹಳೆಯದರ ಮೇಲೇ ಬರೆದುಬಿಡಬಹುದು, ನಿಜ. ಬ್ರೌಸರ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಪುಟ ನಿಮ್ಮ ಫೈಲನ್ನು ಓದಿಕೊಳ್ಳುತ್ತದೆ, ಹೊಸದೊಂದನ್ನು ಮಾಡಿ ಡೌನ್‌ಲೋಡ್‌ಗೆ ಕೊಡುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ. ನನ್ನ ಸಂದರ್ಶನ ಬದುಕಿದ್ದು ಹಾಗೆ.

ಫೈಲ್ ಆಯ್ದ ಕೂಡಲೇ ಅದನ್ನು ಅಪ್‌ಲೋಡ್ ಎಂದು ಕರೆಯುವುದೂ ತಪ್ಪೇ. ವೆಬ್ ಆಡಿಯೋ ಎಪಿಐ (ಬ್ರೌಸರ್ ಒಳಗೇ ಆಡಿಯೋ ಕೆಲಸ ಮಾಡಿಸುವ ಸೌಲಭ್ಯ) ಬಳಸುವ ಪುಟಗಳು ಫೈಲನ್ನು ನಿಮ್ಮ ಯಂತ್ರದಲ್ಲೇ ಬಿಚ್ಚಿ, ಅಲ್ಲೇ ಕತ್ತರಿಸುತ್ತವೆ. ಬೇರೆ ಸರ್ವರ್‌ಗೆ ಕಳಿಸಿ ಕತ್ತರಿಸುವ ಪುಟಗಳೂ ಇವೆ. ಯಾವುದು ಯಾವ ಥರದ್ದು ಎಂದು ನೋಡಲು ಪುಟ ಪೂರ್ತಿ ತೆರೆದ ಮೇಲೆ ನೆಟ್ ಆಫ್ ಮಾಡಿ. ಆಗಲೂ ಫೈಲ್ ತೆರೆದು, ಕತ್ತರಿಸಿ, ಸೇವ್ ಆದರೆ ಕೆಲಸ ನಿಮ್ಮ ಯಂತ್ರದಲ್ಲೇ ನಡೆದಿದೆ. ಯಂತ್ರದಲ್ಲೇ ಮಾಡುವುದಕ್ಕೂ ಒಂದು ಬೆಲೆ ಇದೆ. ಬಿಚ್ಚಿದ ಮೇಲೆ ಪ್ರತಿ ಅಂಕಿಗೂ 32 ಬಿಟ್ ಜಾಗ ಬೇಕು. ಒಂದು ಗಂಟೆಯ ಸ್ಟೀರಿಯೋ ಎಂದರೆ ಸುಮಾರು 1.27 ಜಿಬಿ ಮೆಮೊರಿ. ಎಂಪಿ3 ಐವತ್ತೇ ಎಂಬಿ ಇತ್ತು, ಆದರೂ ಟ್ಯಾಬ್ ಯಾಕೆ ಸತ್ತಿತು ಎಂದು ಕೇಳುವವರಿಗೆ ಉತ್ತರ ಇದು.

ಕೊನೆಗೆ, "ಫೈಲ್ ಸೈಜ್ ಟ್ರಿಮ್ ಮಾಡಿ." ಅದಕ್ಕೆ ಕಂಪ್ರೆಸ್ ಎಂಬ ಬೇರೆ ಪದ ಇದೆ, ಸುಮ್ನೆ ಟ್ರಿಮ್ಮನ್ನು ಎಳೆದು ತರಬೇಡಿ. ಟ್ರಿಮ್ ಮಾಡಿದರೆ ಅವಧಿ ಕಡಿಮೆಯಾಗುತ್ತದೆ, ಫೈಲ್ ದೊಡ್ಡದಾಗಲೂಬಹುದು! 128 ಕೆಬಿಪಿಎಸ್‌ನ ಐದು ನಿಮಿಷದ ಎಂಪಿ3 ಸುಮಾರು 4.8 ಎಂಬಿ ಇರುತ್ತದೆ. ಅದರಲ್ಲಿ ಒಂದೇ ನಿಮಿಷ ಉಳಿಯುವ ಹಾಗೆ ಸವರಿ, ಪುಟ ಕೊಟ್ಟ ಹಾಗೆ ವೇವ್ (ಕಂಪ್ರೆಸ್ ಮಾಡದ ಆಡಿಯೋ) ರೂಪದಲ್ಲಿ ಇಳಿಸಿಕೊಂಡರೆ 10 ಎಂಬಿ ದಾಟುತ್ತದೆ. ಎಂಪಿ3 ಆಗಿಯೇ ಇಳಿಸಿಕೊಂಡರೆ ಸಾಮಾನ್ಯವಾಗಿ ಮತ್ತೊಮ್ಮೆ ಎನ್‌ಕೋಡ್ ಆಗುತ್ತದೆ, ಅಂದರೆ ಹೊಸದಾಗಿ ಕಂಪ್ರೆಸ್ ಆಗುತ್ತದೆ, ಗುಣಮಟ್ಟ ಸ್ವಲ್ಪ ಸವೆಯುತ್ತದೆ. ಎನ್‌ಕೋಡ್ ಮಾಡದೆ ಇದ್ದ ಹಾಗೇ ಕತ್ತರಿಸಿಕೊಡುವ ಸಾಧನಗಳೂ ಇವೆ. ಆದರೆ ಅವು ಕತ್ತರಿಸುವುದು ಎಂಪಿ3 ಒಳಗಿನ ಸಣ್ಣ ಸಣ್ಣ ತುಂಡುಗಳಾದ ಫ್ರೇಮ್‌ಗಳ ಗಡಿಯಲ್ಲಿ ಮಾತ್ರ. 44,100 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ 1152 ಅಂಕಿ, ಅಂದರೆ ಸುಮಾರು 26 ಮಿಲಿಸೆಕೆಂಡ್. ಭಾಷಣದ ಹಿಂದುಮುಂದಿನ ಮೌನ ಸವರಲು ಅದು ಧಾರಾಳ ಸಾಕು. ತಿರುಗಿ ತಿರುಗಿ ಬಾರಿಸಬೇಕಾದ ತಾಳದ ತುಣುಕಿಗೆ ಸಾಲದು, ಅದಕ್ಕೆ ವೇವ್‌ನಲ್ಲೇ ಕೆಲಸ ಮಾಡಿ.