ಎಕ್ಕದ ಜೋಡಿ ಸೋತ ಮೇಲಿನ ಅರ್ಧ ಗಂಟೆ

ನನ್ನ ಹತ್ತಿರ ಪೋಕರ್ ಕಲಿಯುವ ಹುಡುಗನೊಬ್ಬ ಹಿಂದಿನ ರಾತ್ರಿ ಆನ್‌ಲೈನಿನಲ್ಲಿ ಆಡಿದ ಆಟದ ದಾಖಲೆ ತಂದಿದ್ದ. ನಿದ್ದೆ ಆಗಿಲ್ಲ ಅಂತ ಅವನ ಕಣ್ಣೇ ಹೇಳುತ್ತಿತ್ತು. ಅವನ ಕೈಯಲ್ಲಿ ಎರಡು ಎಕ್ಕ, ಎದುರಾಳಿಯ ಕೈಯಲ್ಲಿ ಎರಡು ರಾಜ. ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ, ಅದರಲ್ಲಿ ಮೊದಲ ಮೂರು ಫ್ಲಾಪ್. ಅದು ಬೀಳುವ ಮುಂಚೆಯೇ ಇಬ್ಬರೂ ಆಲ್ ಇನ್, ಅಂದರೆ ಮುಂದಿದ್ದ ಹಣವನ್ನೆಲ್ಲ ಇಟ್ಟುಬಿಟ್ಟಿದ್ದರು. ನಾಲ್ಕು ಎಲೆ ಬಿದ್ದರೂ ಇವನೇ ಮುಂದೆ. ಐದನೆಯದು, ರಿವರ್, ಕಳಾವರ್ ರಾಜ. ನೂರು ಬಿಗ್ ಬ್ಲೈಂಡ್ ಹೋಯಿತು. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆ ಕಡ್ಡಾಯವಾಗಿ ಇಡುವ ಪಣ, ಗೆಲುವು ಸೋಲು ಅಳೆಯುವುದು ಅದರಲ್ಲೇ.

"ಸರ್, ಇದರಲ್ಲಿ ನನ್ನ ತಪ್ಪೇನು?"

"ಏನೂ ಇಲ್ಲ. ಮುಂದಿನ ಹ್ಯಾಂಡ್ ತೋರಿಸು."

ಹ್ಯಾಂಡ್ ಅಂದರೆ ಎಲೆ ಹಂಚಿ ಆಡುವ ಒಂದು ಆಟ. ಅವನು ಮುಂದಿನದನ್ನು ತೋರಿಸಲಿಲ್ಲ. ಮತ್ತೆ ಅದೇ ರಾಜನ ಮೇಲೆ ಬೆರಳಿಟ್ಟ. ಕೊನೆಗೆ ನಾನೇ ಕೆಳಗೆ ಸರಿಸಿದೆ.

ಮಾಮೂಲಿಯಾಗಿ ಹತ್ತು ಸೆಕೆಂಡಾದರೂ ಯೋಚಿಸುವ ಹುಡುಗ ಅಲ್ಲಿಂದಾಚೆ ಒಂದೆರಡು ಸೆಕೆಂಡಿಗೇ ಕಾಲ್ ಒತ್ತಿದ್ದ, ಅಂದರೆ ಎದುರಾಳಿ ಇಟ್ಟಷ್ಟನ್ನೇ ತಾನೂ ಇಟ್ಟಿದ್ದ. ಸ್ಮಾಲ್ ಬ್ಲೈಂಡ್‌ನಲ್ಲಿ, ಅಂದರೆ ಆ ಕಡ್ಡಾಯ ಪಣದ ಅರ್ಧ ಇಡುವ ಜಾಗದಲ್ಲಿ ಕೂತು, ರಾಜ-ಏಳು ಆಫ್‌ಸೂಟ್ (ಬೇರೆ ಬೇರೆ ಗುರುತಿನ ದುರ್ಬಲ ಎಲೆ) ಹಿಡಿದು ರೈಸ್‌ಗೆ, ಅಂದರೆ ಏರಿಸಿದ ಪಣಕ್ಕೆ, ಕಾಲ್ ಮಾಡಿದ್ದ. ಎರಡು ರಾಜ ಇಟ್ಟುಕೊಂಡಿದ್ದ ಅದೇ ಆಟಗಾರನ ಮೇಲೆ ಮೂರು ಸಲ ಬ್ಲಫ್ ಮಾಡಿದ್ದ, ಮೂರು ಸಲವೂ ಸಿಕ್ಕಿಬಿದ್ದಿದ್ದ. ಅರ್ಧ ಗಂಟೆಯಲ್ಲಿ ಇನ್ನೂ 260 ಬಿಗ್ ಬ್ಲೈಂಡ್. ರಾತ್ರಿಯೆಲ್ಲ ಅವನ ನಿದ್ದೆ ಕೆಡಿಸಿದ್ದು ಆ ಮೊದಲ ನೂರು. ಅವನನ್ನು ನಿಜವಾಗಿ ಮುಳುಗಿಸಿದ್ದು ಆಮೇಲಿನ 260.

ಸೋಲು ಅಂದರೆ ಒಂದೇ ಅಲ್ಲ, ಎರಡು. ಎಲೆ ಕಿತ್ತುಕೊಂಡಿದ್ದು ಒಂದು, ನಾವೇ ಕೈಯಾರೆ ಕೊಟ್ಟಿದ್ದು ಇನ್ನೊಂದು. ಇಷ್ಟು ವರ್ಷ ಆಡಿ, ಕಲಿಸಿ ನನಗೆ ಗಟ್ಟಿಯಾಗಿ ಗೊತ್ತಾದ ಸಂಗತಿ ಇದು. ಮನಸ್ಸು ಎರಡನ್ನೂ ಒಟ್ಟಿಗೆ ಕಲಸಿಬಿಡುತ್ತದೆ. ಅವನ್ನು ಬಿಡಿಸಿ ನೋಡಲು ಕಲಿತ ಆಟಗಾರ ತಾನಾಗಿಯೇ ತಣ್ಣಗಾಗುತ್ತಾ ಬರುವುದನ್ನು ನೋಡಿದ್ದೇನೆ.

ಮೊದಲನೆಯ ಸೋಲಿನ ಲೆಕ್ಕ ನೋಡಿ. ಎಕ್ಕದ ಜೋಡಿಗೂ ರಾಜನ ಜೋಡಿಗೂ ಫ್ಲಾಪ್‌ಗೆ ಮುಂಚೆ ಆಲ್ ಇನ್ ಆದರೆ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲ ಸೋಲಲೇಬೇಕು. ಅದು ಮೋಸವೂ ಅಲ್ಲ, ಗ್ರಹಚಾರವೂ ಅಲ್ಲ. ರಿವರ್ ಒಂದೇ ಬಾಕಿ ಇದ್ದಾಗ ಗೊತ್ತಿಲ್ಲದ ಎಲೆ 44. ಅದರಲ್ಲಿ ರಾಜ ಎರಡು. 22ರಲ್ಲಿ ಒಂದು ಸಲ ಬಂದೇ ಬರುತ್ತದೆ. ಫ್ಲಶ್ ಅಂದರೆ ಒಂದೇ ಗುರುತಿನ ಐದು ಎಲೆ. ಫ್ಲಾಪ್‌ನಲ್ಲಿ ಅದಕ್ಕೆ ಇನ್ನೊಂದೇ ಎಲೆಗೆ ಕಾಯುತ್ತಿರುವ ಫ್ಲಶ್ ಡ್ರಾ ರಿವರ್ ಹೊತ್ತಿಗೆ ಕೂಡಿಬರುವುದು ನೂರಕ್ಕೆ 35 ಸಲ. "ಯಾವಾಗ ನೋಡಿದರೂ ಅವರಿಗೇ ಫ್ಲಶ್ ಬೀಳುತ್ತೆ" ಅನ್ನುವವರು ಈ 35 ಎಷ್ಟು ದೊಡ್ಡದು ಅಂತ ಕೂತು ಯೋಚಿಸಿರುವುದಿಲ್ಲ.

ಇದಕ್ಕಿಂತ ದೊಡ್ಡ ಲೆಕ್ಕ ಒಂದಿದೆ. ಬಹಳ ಜನರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನೂರು ಹ್ಯಾಂಡ್‌ಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುವವನು ಒಳ್ಳೆಯ ಆಟಗಾರ. ಆದರೆ ನೋ ಲಿಮಿಟ್ ಹೋಲ್ಡೆಮ್ ಅನ್ನುವ ಈ ಬಗೆಯ ಪೋಕರ್‌ನಲ್ಲಿ ಅದೇ ನೂರು ಹ್ಯಾಂಡ್‌ಗೆ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 90 ಬಿಗ್ ಬ್ಲೈಂಡ್ ಆಸುಪಾಸು. ಹತ್ತು ಸಾವಿರ ಹ್ಯಾಂಡ್ ಆಡಿದರೆ ಅವನ ಪಾಲಿನ ಸರಾಸರಿ ಗೆಲುವು 500. ಏರಿಳಿತ 900, ಯಾಕೆಂದರೆ ಆಟ ನೂರು ಪಟ್ಟಾದರೆ ಏರಿಳಿತ ಹತ್ತೇ ಪಟ್ಟು ಬೆಳೆಯುತ್ತದೆ. ಅಂದರೆ ಇಂಥ ಹತ್ತು ಒಳ್ಳೆಯ ಆಟಗಾರರಲ್ಲಿ ಹೆಚ್ಚುಕಮ್ಮಿ ಮೂರು ಜನ ಅಷ್ಟು ಆಡಿದ ಮೇಲೂ ಸೋಲಿನಲ್ಲೇ ಇರುತ್ತಾರೆ. ಟೇಬಲ್ ಸುತ್ತ ಕೂತು ಆಡುವ ಆಟದಲ್ಲಿ ಗಂಟೆಗೆ ಮೂವತ್ತು ಹ್ಯಾಂಡ್ ಆದರೆ ಜಾಸ್ತಿ. ಹತ್ತು ಸಾವಿರ ಅಂದರೆ 330 ಗಂಟೆಗೂ ಮೇಲೆ. ಅಷ್ಟು ದಿನ ಸರಿಯಾಗಿ ಆಡಿಯೂ ಸೋಲಬಹುದು ಅಂತ ಮೊದಲೇ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಒಂದು ಕೆಟ್ಟ ರಾತ್ರಿ ಒಂದೇ ಥರ ಕಾಣುವುದಿಲ್ಲ.

ಆದರೂ ಲೆಕ್ಕ ಒಂದೇ ಸಾಲದು. ರಾಜ ಬಿದ್ದ ಕ್ಷಣ ಎದೆ ಹೊಡೆದುಕೊಳ್ಳುತ್ತದೆ, ಕಿವಿ ಬಿಸಿಯಾಗುತ್ತದೆ. ಆ ಹೊತ್ತಿಗೆ ಯಾವ ಶೇಕಡಾವಾರು ತಲೆಗೆ ಹತ್ತುತ್ತದೆ ಹೇಳಿ? ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳೇ ಇದು: ಅಷ್ಟೇ ಮೊತ್ತದ ಗೆಲುವು ಕೊಡುವ ಖುಷಿಗಿಂತ ಸೋಲು ಕೊಡುವ ನೋವು ದೊಡ್ಡದು. ಮುಂದೆ ಅವರೇ ಅಂದಾಜು ಮಾಡಿದಂತೆ ಹತ್ತಿರ ಹತ್ತಿರ ಎರಡು ಪಟ್ಟು. ಸಂಶೋಧಕರಾದ ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ಇನ್ನೊಂದು ತೋರಿಸಿದರು. ಸೋತವರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಆದರೆ ಕಳೆದುಕೊಂಡಿದ್ದನ್ನು ಸಮ ಮಾಡಿಕೊಳ್ಳುವ ದಾರಿ ಒಂದು ಕಂಡರೆ ಸಾಕು, ಅದು ಅವರನ್ನು ಬಲವಾಗಿ ಸೆಳೆಯುತ್ತದೆ. ನನ್ನ ಹುಡುಗನ ರಾಜ-ಏಳು ಹುಟ್ಟಿದ್ದು ಅಲ್ಲಿಂದಲೇ.

ಆಟಗಾರರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಪಿನ್‌ಬಾಲ್ ಯಂತ್ರದಿಂದ ಬಂದ ಮಾತು. ಚೆಂಡು ಬೇಡದ ಕಡೆ ಹೋಯಿತು ಅಂತ ಯಂತ್ರವನ್ನೇ ಹಿಡಿದು ಅಲ್ಲಾಡಿಸಿದರೆ ಟಿಲ್ಟ್ ಅಂತ ದೀಪ ಹತ್ತಿ ಆಟ ನಿಂತುಹೋಗುತ್ತದೆ. ಪೋಕರ್ ಟೇಬಲ್ಲಿನಲ್ಲಿ ಅಂಥ ದೀಪ ಇಲ್ಲ. ನಮ್ಮ ದೀಪವನ್ನು ನಾವೇ ಹುಡುಕಿಕೊಳ್ಳಬೇಕು.

ನನ್ನ ದೀಪ ನನ್ನ ಬಲಗೈ. ಸರದಿ ಬರುವ ಮುಂಚೆಯೇ ಎರಡು ಚಿಪ್ (ಪಣದ ಬಿಲ್ಲೆ) ಬೆರಳಲ್ಲಿ ಹಿಡಿದುಕೊಂಡಿದ್ದೇನೆ ಅಂದರೆ ನಾನು ನೆಟ್ಟಗಿಲ್ಲ ಅಂತ ಅರ್ಥ. ನನ್ನ ಎಲೆ ನೋಡುವ ಮುಂಚೆಯೇ ಕೈ ತೀರ್ಮಾನ ಮಾಡಿಬಿಟ್ಟಿರುತ್ತದೆ. ಇದನ್ನು ಗುರುತಿಸಲು ನನಗೆ ಎರಡು ವರ್ಷ ಹಿಡಿಯಿತು. ಕೆಲವರಿಗೆ ಅದು ದವಡೆ ಬಿಗಿಯುವುದು. ಕೆಲವರಿಗೆ "ಇನ್ನು ಇಷ್ಟು ಬಂದರೆ ಸಮ" ಅನ್ನುವ ಒಳಗಿನ ಎಣಿಕೆ. ಎಲ್ಲರೂ ಸಿಟ್ಟಾಗುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವರು ಸೋತ ಮೇಲೆ ಮುದುಡಿಕೊಳ್ಳುತ್ತಾರೆ. ಒಳ್ಳೆಯ ಎಲೆಯನ್ನೂ ಹೆದರಿ ಫೋಲ್ಡ್ ಮಾಡುತ್ತಾರೆ, ಅಂದರೆ ಬಿಟ್ಟುಕೊಡುತ್ತಾರೆ. ನೋಡುವವರಿಗೆ ಎಷ್ಟು ಶಾಂತ ಅನ್ನಿಸುತ್ತದೆ. ಅದೂ ಟಿಲ್ಟೇ.

ಅದಕ್ಕೇ "ಮುಖದಲ್ಲಿ ಏನೂ ತೋರಿಸಬೇಡ, ಗಟ್ಟಿಯಾಗಿರು" ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಮುಖ ಕಲ್ಲಾಗಿದ್ದರೂ ಒಳಗೆ ಕುದಿಯುತ್ತಿದ್ದರೆ ಕುದಿಯುವ ಮನಸ್ಸೇ ಆಡುವುದು. ನೋವಾಗಿದೆ, ಸರಿ, ಆಗಲಿ. ಆ ಹತ್ತು ನಿಮಿಷ ದುಡ್ಡು ಇಡುವ ಕೆಲಸ ಮಾಡಬೇಡಿ, ಅಷ್ಟೇ. ಒಂದು ಸುತ್ತು ಎದ್ದು ಹೋದರೆ ಎಷ್ಟು ಖರ್ಚು? ಎರಡು ಬ್ಲೈಂಡ್ ಸೇರಿ ಒಂದೂವರೆ ಬಿಗ್ ಬ್ಲೈಂಡ್. ಆ ಹುಡುಗನ 260ರ ಪಕ್ಕ ಇಟ್ಟು ನೋಡಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಗಾದೆಯೇ ಇದೆಯಲ್ವಾ.

ಎದ್ದವರು ಸುಮ್ನೆ ನಡೆಯಿರಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ದೇಹದ ರಚನೆಯೇ ಹಾಗೆ. ಸೋತ ಕಥೆಯನ್ನು ಮಾತ್ರ ಯಾರಿಗೂ ಹೇಳಲು ಹೋಗಬೇಡಿ. ಹೇಳಿದಷ್ಟು ಸಲ ಆ ರಾಜ ಮತ್ತೆ ಬೀಳುತ್ತಾನೆ.

ಎಷ್ಟು ಸೋತರೆ ಏಳಬೇಕು ಅನ್ನುವುದನ್ನು ಕೂರುವ ಮುಂಚೆಯೇ ಬರೆದಿಟ್ಟಿರಬೇಕು. ನನ್ನದು ಮೂರು ಬೈ-ಇನ್, ಅಂದರೆ ಒಂದು ಸಲ ಟೇಬಲ್ಲಿಗೆ ಕೂರಲು ತರುವ ಹಣದ ಮೂರರಷ್ಟು. ಆಟಕ್ಕೆ ಅಂತ ಬೇರೆ ತೆಗೆದಿಟ್ಟ ಹಣ ಕೊನೇ ಪಕ್ಷ ಮೂವತ್ತು ಬೈ-ಇನ್ ಇರಲಿ ಅಂತ ಕಲಿಯುವವರಿಗೆ ಹೇಳುತ್ತೇನೆ. ಮೂವತ್ತರಲ್ಲಿ ಒಂದು ಹೋದಾಗ ಆಗುವ ನೋವೇ ಬೇರೆ, ಮೂರರಲ್ಲಿ ಒಂದು ಹೋದಾಗ ಆಗುವ ನೋವೇ ಬೇರೆ. ಎಷ್ಟೋ ಜನರ ಟಿಲ್ಟ್ ಸ್ವಭಾವದ ತೊಂದರೆಯೇ ಅಲ್ಲ. ಅವರು ತಮ್ಮ ಅಳತೆಗೆ ಮೀರಿದ ಟೇಬಲ್ಲಿನಲ್ಲಿ ಕೂತಿರುತ್ತಾರೆ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಬಾಡಿಗೆಯ ಹಣ, ಸಾಲದ ಹಣ ತಂದು ಆಡುತ್ತಿದ್ದರೆ ಈ ಉಪಾಯ ಯಾವುದೂ ಕೆಲಸ ಮಾಡುವುದಿಲ್ಲ. ಮನೆಯವರಿಂದ ಮುಚ್ಚಿಡುತ್ತಿದ್ದೀರಿ, ಹೋದದ್ದನ್ನು ತರಲು ದಿನಾ ಮತ್ತೆ ಕೂರುತ್ತಿದ್ದೀರಿ ಅಂದರೆ ಅದು ಟಿಲ್ಟ್ ಅಲ್ಲ. ಆಟ ನಿಲ್ಲಿಸಿ. ನಂಬುವ ಒಬ್ಬರಿಗೆ ಹೇಳಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ನನ್ನ ಹತ್ತಿರ ಬಂದ ಇಬ್ಬರಿಗೆ ಪಾಠ ನಿಲ್ಲಿಸಿ ಇದನ್ನೇ ಹೇಳಿ ಕಳಿಸಿದ್ದೇನೆ.

ಆ ಹುಡುಗನ ಕೈಯಲ್ಲಿ ಒಂದು ನೋಟ್‌ಬುಕ್ ಇಡಿಸಿದೆ. ಪ್ರತಿ ಪುಟಕ್ಕೂ ನಡುವೆ ಒಂದು ಗೆರೆ. ಎಡಕ್ಕೆ 'ಎಲೆ ಕಿತ್ತುಕೊಂಡಿದ್ದು', ಬಲಕ್ಕೆ 'ನಾನು ಕೊಟ್ಟಿದ್ದು'. ಮೊದಮೊದಲು ಬಲಗಡೆ ಬರೆಯಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮೊನ್ನೆ ಒಂದು ಪುಟದ ಫೋಟೋ ಕಳಿಸಿದ. ಮತ್ತೆ ಎಕ್ಕದ ಜೋಡಿ, ಮತ್ತೆ ರಿವರ್‌ನಲ್ಲಿ ಸೋಲು. ಎಡಕ್ಕೆ 100 ಅಂತಿತ್ತು. ಬಲಕ್ಕೆ 1.5. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಒಂದು ಸುತ್ತು ಹೊರಗೆ ಹೋಗಿದ್ದೆ ಸರ್."