ಒಳರೋಗಿಯ ಮನೆಯವರು ಯಾರಿಗೆ ಏನು ಹೇಳಬೇಕು?

ಮನೋವೈದ್ಯಕೀಯ ವಾರ್ಡಿಗೆ ದಾಖಲಾಗುವವರಲ್ಲಿ ಹಲವರನ್ನು ಸುಳ್ಳು ಹೇಳಿಯೇ ಕರೆತಂದಿರುತ್ತಾರೆ. ಬೇಲೂರಿನ ದೇವಸ್ಥಾನಕ್ಕೆ ಎಂದೋ, ಹಾಸನದಲ್ಲಿ ನೆಂಟರ ಮದುವೆಗೆ ಎಂದೋ, ಸುಮ್ಮನೆ ಬಿ.ಪಿ. ನೋಡಿಸಿಕೊಂಡು ಬರೋಣ ಎಂದೋ ಕಾರು ಹತ್ತಿಸಿರುತ್ತಾರೆ. ವಾರಗಟ್ಟಲೆ ನಿದ್ದೆಗೆಟ್ಟು, ಕೆಲವೊಮ್ಮೆ ಹೊಡೆತವನ್ನೂ ತಿಂದು, ಕಾಫಿ ಕೊಯ್ಲಿನ ನಡುವೆ ತೋಟ ಬಿಟ್ಟು ಬಂದ ಜನರನ್ನು ಅದಕ್ಕಾಗಿ ದೂರಲು ನನಗೆ ಮನಸ್ಸಾಗುವುದಿಲ್ಲ. ಆದರೆ ಇಂಥ ವಾರ್ಡಿನ ಸಮಾಜ ಕಾರ್ಯಕರ್ತೆಯಾಗಿ ನಾನು ಕಂಡಂತೆ, ಕಾಯಿಲೆ ಉಲ್ಬಣಿಸಿದ್ದ ದಿನಗಳ ಎಷ್ಟೋ ಸಂಗತಿಗಳನ್ನು ಮರೆತ ರೋಗಿಯೂ ಆ ಒಂದು ಸುಳ್ಳನ್ನು ಮರೆತಿರುವುದಿಲ್ಲ. ಅವರು ಸ್ವಲ್ಪ ಶಾಂತರಾಗಿ ಮಾತು ಕೇಳಿಸಿಕೊಳ್ಳುವಂತಾದ ಕೂಡಲೇ, ‘ನಿನಗೆ ನಿಜ ಹೇಳದೆ ಕರ್ಕೊಂಡು ಬಂದ್ವಿ, ನಮಗೆ ಬೇರೆ ದಾರಿ ತೋಚಲಿಲ್ಲ’ ಎಂದು ಮನೆಯವರೇ ಹೇಳಿಬಿಡುವುದು ಒಳ್ಳೆಯದು. ಬಯ್ಗುಳ ಬರಬಹುದು, ಅದನ್ನು ಕೇಳಿಸಿಕೊಳ್ಳಬೇಕು.

ಇದರ ಬೆನ್ನಿಗೇ ಬರುವ ಇನ್ನೊಂದು ಸುಳ್ಳು ‘ನಾಳೆ ಮನೆಗೆ ಹೋಗೋಣ’ ಎಂಬುದು. ಎಷ್ಟು ದಿನ ಇರಬೇಕಾದೀತು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಚೌಕಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿಲ್ಲದವರನ್ನು ಅವರ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರು, ಸಾಮಾನ್ಯವಾಗಿ ಮನೆಯವರೇ ಒಬ್ಬರು) ಕೋರಿಕೆಯ ಮೇರೆಗೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ, 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. 30 ದಿನ ಎಂಬುದು ಈ ಸೆಕ್ಷನ್ನಿನ ಗರಿಷ್ಠ ಮಿತಿಯೇ ಹೊರತು, ಅಷ್ಟು ದಿನ ಇರಲೇಬೇಕು ಎಂದಲ್ಲ. ಆ ಅವಧಿಯೊಳಗೆ ರೋಗಿಗೆ ನಿರ್ಧರಿಸುವ ಸಾಮರ್ಥ್ಯ ಮರಳಿದರೆ ಮುಂದೆ ಉಳಿಯುವುದು ಅವರ ಒಪ್ಪಿಗೆಗೆ ಬಿಟ್ಟ ವಿಷಯ. ಈ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಮನೆಯವರು ದನಿ ತಗ್ಗಿಸಿ ವಿಚಾರಿಸುವ ‘ಕರೆಂಟ್ ಕೊಡೋದು’, ಅಂದರೆ ಇ.ಸಿ.ಟಿ., ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಗಳಿಲ್ಲದೆ ನಡೆಯಕೂಡದು ಎಂದೂ ಇದರಲ್ಲೇ ಇದೆ.

ವೈದ್ಯರ ಮುಂದೆ ಮುಚ್ಚಿಡುವುದು ಬೇರೆಯದೇ ಅಪಾಯ. ನಮ್ಮ ಕಡೆ ಅತಿ ಹೆಚ್ಚು ಮುಚ್ಚಿಡುವುದು ಕುಡಿತವನ್ನು. ‘ಹಬ್ಬಕ್ಕೋ ಹರಿದಿನಕ್ಕೋ ಒಂಚೂರು ತಗೋತಾರೆ ಅಷ್ಟೇ’ ಎಂದು ಮನೆಯವರು ಹೇಳಿದ ರೋಗಿ ವಾಸ್ತವದಲ್ಲಿ ಬೆಳಗಿನಿಂದಲೇ ಕುಡಿಯುವವರಾಗಿದ್ದರೆ, ವಾರ್ಡಿನಲ್ಲಿ ಅದು ಹಠಾತ್ತನೆ ನಿಂತ ಮೊದಲ ದಿನದಿಂದಲೇ ಕೈ ನಡುಕ ಶುರುವಾಗಿ, ಫಿಟ್ಸ್ ಬಂದು, ಎರಡು ಮೂರು ದಿನಗಳಲ್ಲಿ ಎಲ್ಲಿದ್ದೇನೆ ಎಂಬುದೇ ತಿಳಿಯದ ಸನ್ನಿಯ ಸ್ಥಿತಿಗೆ ಹೋಗಬಹುದು, ಮತ್ತು ಅದು ಪ್ರಾಣಕ್ಕೇ ಕುತ್ತಾಗಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ದಾಖಲಾದ ದಿನದಿಂದಲೇ ತಕ್ಕ ಔಷಧವನ್ನೂ ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ನನ್ನೂ ಕೊಡುತ್ತಾರೆ. ಹಿಂದೆ ತೋರಿಸಿದ ಡಾಕ್ಟರ ಚೀಟಿ, ತಿಂದು ಉಳಿದ ಮಾತ್ರೆ, ನಾಟಿ ಔಷಧದ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತಂದರೆ ನಮಗೆ ಅರ್ಧ ಕೆಲಸ ಕಡಿಮೆ. ‘ನಮ್ಮ ವಂಶದಲ್ಲಿ ಯಾರಿಗೂ ಇದಿಲ್ಲ’ ಎಂಬ ಉತ್ತರ ಬರುವುದು ಹೆಚ್ಚಾಗಿ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಿಂದ. ಆ ಭಯ ಅರ್ಥವಾಗುವಂಥದ್ದೇ. ಆದರೆ ಚಿಕ್ಕಪ್ಪನಿಗೆ ಇಂಥದೇ ಕಾಯಿಲೆ ಬಂದು ಲಿಥಿಯಂ ಮಾತ್ರೆಯಲ್ಲಿ ಗುಣ ಕಂಡಿತ್ತು ಎಂಬ ಸಂಗತಿ ಈ ರೋಗಿಯ ಚಿಕಿತ್ಸೆಯ ದಿಕ್ಕನ್ನೇ ತೋರಿಸಬಹುದು.

ಇನ್ನು ಊರಿನ ಮಾತು. ‘ಬೆಂಗ್ಳೂರಲ್ಲಿ ಕೆಲ್ಸಕ್ಕೆ ಸೇರ್ಕಂಡವ್ನೆ’ ಎಂದು ಒಬ್ಬರು ಹೇಳಿದರೆ ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಅದನ್ನೇ ಕಾಪಾಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಲು ಕರೆದುಕೊಡಬಲ್ಲ, ಮಕ್ಕಳಿಗೆ ಒಂದು ಹೊತ್ತು ಊಟ ಹಾಕಬಲ್ಲ ಪಕ್ಕದ ಮನೆಯವರನ್ನು ನಾವೇ ದೂರವಿಟ್ಟಂತಾಗುತ್ತದೆ. ಹಾಗೆಂದು ಕಾಯಿಲೆಯ ಹೆಸರನ್ನು ಊರಿಗೆಲ್ಲ ಸಾರಬೇಕಾಗಿಲ್ಲ, ಸಾರಲೂಬಾರದು. ಆ ಗುಟ್ಟು ರೋಗಿಗೆ ಸೇರಿದ್ದು. ‘ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ, ಕೆಲವು ದಿನ ಆಗುತ್ತೆ’ ಎಂಬುದು ಪೂರ್ತಿ ನಿಜವೂ ಹೌದು, ಸಾಕಾಗುವಷ್ಟೂ ಹೌದು. ಮನೆಯ ಮಕ್ಕಳಿಗೆ ಮಾತ್ರ ಇನ್ನೊಂದು ವಾಕ್ಯ ಬೇಕು: ಅಪ್ಪನಿಗೆ ಹೀಗಾದದ್ದು ನೀನು ಹಠ ಮಾಡಿದ್ದರಿಂದಲ್ಲ ಎಂದು. ಮಕ್ಕಳು ಕೇಳುವುದಿಲ್ಲವಾದರೂ ಹಾಗೆ ಅಂದುಕೊಂಡಿರುತ್ತಾರೆ.

ಯಾರೂ ಬಾಯಿಬಿಟ್ಟು ಆಡದ ಒಂದು ಮಾತೂ ಇದೆ. ರೋಗಿ ವಾರ್ಡಿಗೆ ಸೇರಿದ ಮೇಲೆ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತದೆ, ಹಾಗೆ ನಿದ್ದೆ ಬಂದದ್ದಕ್ಕೇ ತಾಯಿ ಅಥವಾ ಹೆಂಡತಿ ತಪ್ಪಿತಸ್ಥರಂತೆ ಕುಗ್ಗುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬರು ಜೊತೆಗಿರಬೇಕೆಂದು ಕೇಳುವುದರಿಂದ ಈ ಕುಗ್ಗುವಿಕೆಗೆ ದಣಿವೂ ಸೇರುತ್ತದೆ. ಜೊತೆಗಿರುವ ಪದ್ಧತಿಗೆ ಒಂದು ಒಳ್ಳೆಯ ಹಿನ್ನೆಲೆಯಿದೆ: 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಅವರು ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳೊಂದಿಗೆ ಮನೆಯವರನ್ನೂ ಉಳಿಸಿಕೊಂಡು ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಡುತ್ತಿದ್ದರು. ಆದರೆ ಆ ಕೆಲಸ ಯಾವಾಗಲೂ ಮನೆಯ ಒಬ್ಬ ಹೆಂಗಸಿನ ಪಾಲಿಗೇ ಬರಬೇಕೆಂದು ಎಲ್ಲಿಯೂ ಬರೆದಿಲ್ಲ. ಅಣ್ಣ, ಭಾವ, ಮೈದುನ ಪಾಳಿ ಹಾಕಿಕೊಳ್ಳಬಹುದು.

ಡಿಸ್ಚಾರ್ಜ್ ಆದ ಮೇಲಿನ ಮನೆಮಾತು ಔಷಧದಷ್ಟೇ ಮುಖ್ಯವೆಂದು ನಾನು ಹೇಳಿದರೆ ಕೆಲವರು ನಗುತ್ತಾರೆ. ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಿಂದ ನಡೆಸಿದ ಅಧ್ಯಯನಗಳಲ್ಲಿ, ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರು ಆಸ್ಪತ್ರೆಯಿಂದ ಯಾವ ಬಗೆಯ ಮನೆಗೆ ಮರಳುತ್ತಾರೆ ಎಂಬುದರ ಮೇಲೆ ಕಾಯಿಲೆ ಮರುಕಳಿಸುವುದು ನಿಂತಿರುವುದು ಕಂಡುಬಂತು. ಸದಾ ಟೀಕೆ, ಸಿಡುಕು, ಇಲ್ಲವೇ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗಳಲ್ಲಿ ಅದು ಹೆಚ್ಚು. ‘ಮಾತ್ರೆ ನುಂಗಿದ್ಯಾ’ ಎಂದು ದಿನಕ್ಕೆ ಹತ್ತು ಸಲ ಕೇಳುವುದು ಕಾಳಜಿಯಂತೆ ಕಂಡರೂ ಕೇಳಿಸಿಕೊಳ್ಳುವವರಿಗೆ ಕಾವಲು. ಯಾರು, ಯಾವ ಹೊತ್ತಿಗೆ, ಒಂದೇ ಸಲ ಕೇಳುವುದು ಎಂದು ಡಿಸ್ಚಾರ್ಜಿಗೆ ಮೊದಲೇ ರೋಗಿಯನ್ನೂ ಕೂರಿಸಿಕೊಂಡು ಮಾತಾಡಿಕೊಳ್ಳಬೇಕು. ಮೈ ಬಿಗಿತ, ಜೊಲ್ಲು, ಕೂತಲ್ಲಿ ಕೂರಲಾಗದ ಚಡಪಡಿಕೆ ಇವು ಔಷಧದ ಅಡ್ಡಪರಿಣಾಮಗಳಾಗಿರಬಹುದು. ಹಾಗಾದಾಗ ಮಾತ್ರೆಯನ್ನು ಸೋಮಾರಿತನದಿಂದ ಬಿಟ್ಟನೆಂದು ಗದರದೆ, ವೈದ್ಯರಿಗೆ ತಿಳಿಸಿ ಪ್ರಮಾಣ ಬದಲಿಸಿಕೊಳ್ಳಬೇಕು. ಇದಕ್ಕಾಗಿ ಪ್ರತಿ ಸಲ ಹಾಸನಕ್ಕೋ ಬೆಂಗಳೂರಿಗೋ ಓಡಬೇಕೆಂದಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವಾಗ ನಡೆಯುತ್ತದೆಂದು ಮೊದಲೇ ವಿಚಾರಿಸಿಟ್ಟುಕೊಂಡು, ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಒಯ್ದರೆ ಮುಂದಿನ ಮಾತ್ರೆಗಳು ಅಲ್ಲಿಯೇ ಸಿಗಬಹುದು. ನಡುರಾತ್ರಿಯಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದಾಗ ಕನ್ನಡದಲ್ಲೇ ಉತ್ತರಿಸುತ್ತಾರೆ.